ಹನ್ನೊಂದು ಬಾಟಲಿ ಹೊರುವ ಬಗೆ

ಮೇ 3, 2011, ಮಂಗಳವಾರ
ನಾಡಿ 48. ತೂಕ 74 ಕಿಲೋ.

ಮೂವತ್ತೈದು ವರ್ಷದಿಂದ ಹೀಗೆಯೇ ಶುರುಮಾಡುತ್ತಿದ್ದೇನೆ. ನಮ್ಮ ಕ್ರುತೋಯ್ ಯಾರ್ ಹಳ್ಳಿಯ ಶಾಲೆಯಲ್ಲಿ ಸೈಕಲ್ ರೇಸು ಕಲಿಸುತ್ತಿದ್ದ ಪಖೋಮಿಚ್ ಮೇಷ್ಟ್ರು ಕಟ್ಟುನಿಟ್ಟಾಗಿ ಹೇಳಿದ್ದರು, ದಿನಚರಿ ಬರೆಯದವನಿಗೆ ಸೈಕಲ್ಲೂ ಇಲ್ಲ, ಸೂಪೂ ಇಲ್ಲ ಎಂದು. ಬೆಳಗ್ಗೆ ಕಣ್ಣು ಬಿಟ್ಟೊಡನೆ ಕತ್ತಿನ ಮೇಲೆ ಎರಡು ಬೆರಳಿಟ್ಟು ನಾಡಿ ಎಣಿಸಬೇಕು, ಬರೆದಿಡಬೇಕು, ಆಮೇಲೆಯೇ ಚಪ್ಪಲಿ ಹುಡುಕಬೇಕು. ಎಂಟು ಕ್ಲಾಸಿನಲ್ಲಿ ಕಲಿತದ್ದರಲ್ಲಿ ನನಗೆ ಉಳಿದಿರುವುದು ಇದೊಂದೇ. ಸೋವಿಯತ್ ಒಕ್ಕೂಟ ಹೋಯಿತು, ಪಖೋಮಿಚ್ ಹೋದರು, ನನ್ನ ನಾಡಿ ಮಾತ್ರ ನಲವತ್ತೆಂಟನ್ನು ಬಿಟ್ಟು ಕದಲಿಲ್ಲ. ನಾಡಿ ನಿಧಾನವಾದಷ್ಟೂ ಸವಾರ ಗಟ್ಟಿ; ನಲವತ್ತೆಂಟು ವಯಸ್ಸಿಗೆ ನಲವತ್ತೆಂಟು ನಾಡಿ. ಈ ಜಿಲ್ಲೆಯಲ್ಲಿ ಇನ್ನೊಬ್ಬನನ್ನು ತೋರಿಸಲಿ ನೋಡೋಣ.

ಇವತ್ತು ಎರಡು ಸುದ್ದಿ. ಮೊದಲನೆಯದು, ನಮ್ಮೂರ ಕ್ಲಬ್ಬಿನ ಮುಖ್ಯಸ್ಥೆ ಎಲ್ವಿರಾ ಪ್ರೊಖೊರೊವ್ನಾ ತಾನಾಗಿಯೇ ನನ್ನ ರಿಪೇರಿ ಕೊಟ್ಟಿಗೆಗೆ ಬಂದಳು. ನಾನು ಯಾರದೋ ಕೂಸಿನ ತಳ್ಳುಗಾಡಿಯ ಚಕ್ರ ಸರಿಮಾಡುತ್ತಿದ್ದೆ. ಅವಳನ್ನು ಕಂಡೊಡನೆ ಅದನ್ನು ಕಾಲಿನಿಂದ ಮೂಲೆಗೆ ಸರಿಸಿ ರೇಸಿನ ಚಕ್ರವೊಂದನ್ನು ಕೈಗೆತ್ತಿಕೊಂಡೆ.

"ತಿಮೊಫೇಯ್ ಲುಕಿಚ್, ಜೂನ್ ಹನ್ನೆರಡಕ್ಕೆ ನಮ್ಮಲ್ಲಿ ಹೆಂಗಸರ ರೇಸು ಇಡ್ತಿದೀವಿ. ಎಂಬತ್ನಾಲ್ಕು ಕಿಲೋಮೀಟರು. ಸಮಾರಾದಿಂದ, ಪೆಂಜಾದಿಂದ ಎಲ್ಲಾ ತಂಡಗಳು ಬರ್ತವೆ. ಹೆಸರು ಏನಿಟ್ಟಿದೀವಿ ಗೊತ್ತಾ? ತಿಮೊಫೇಯ್ ಝೆರ್ನೋವ್ ಬಹುಮಾನ."

"ನಾನು ಬದುಕಿರೋವಾಗ್ಲೇ?"

"ಸತ್ಮೇಲೆ ನೀವು ಭಾಷಣ ಮಾಡಕ್ಕಾಗಲ್ವಲ್ಲ. ಇಟಲೀಲಿ ಹೆಂಗೆ ಗೆದ್ರಿ ಅಂತ ಹತ್ತು ನಿಮಿಷ ಹೇಳ್ಬೇಕು."

ಹತ್ತು ನಿಮಿಷವೇನು, ನಾನು ಹತ್ತು ಗಂಟೆ ಹೇಳಬಲ್ಲೆ. ಕ್ಲಬ್ಬಿನ ಗೋಡೆಯ ಮೇಲೆ ಹದಿನೇಳು ವರ್ಷದಿಂದ ನನ್ನ ಫೋಟೋ ನೇತಾಡುತ್ತಿದೆ: ಮೈತುಂಬ ಕೆಸರು, ತೋಳಿನಲ್ಲಿ ಮೊಣಕೈಯುದ್ದದ ಹೂಗುಚ್ಛ, ಬಾಯಿ ಕಿವಿಯವರೆಗೆ. 1994, ಉತ್ತರ ಇಟಲಿಯ ಆರು ದಿನದ ಸ್ಪರ್ಧೆ, ಐದನೇ ದಿನ, ಹಿಮ ಬೀಳುತ್ತಿದ್ದ ಕಣಿವೆ. ಊರಿನ ಪ್ರತಿ ಮಗುವಿಗೂ ಗೊತ್ತಿರುವ ಕಥೆಯನ್ನು ಇಲ್ಲಿ ಮತ್ತೆ ಬರೆಯುವುದಿಲ್ಲ.

ಎರಡನೆಯ ಸುದ್ದಿ, ಮಧ್ಯಾಹ್ನದ ಬಸ್ಸಿನಲ್ಲಿ ಗ್ಲಾಶಾ ಬಂದಳು. ಸೈಕಲ್ ಒಂದು ಕೈಯಲ್ಲಿ, ಪೆಟ್ಟಿಗೆ ಇನ್ನೊಂದರಲ್ಲಿ. ನನ್ನ ಅಕ್ಕ ಕ್ಲಾವಾಳ ಮಗಳು, ಇಪ್ಪತ್ತೊಂದು ವರ್ಷ, ಸಮಾರಾ ತಂಡದ ಸವಾರಿಣಿ. ಅವಳಿಗೆ ಏಳು ವರ್ಷವಿದ್ದಾಗ ಸೀಟಿನ ಮೇಲೆ ಕೂರಿಸಿದ್ದು ಯಾರು? ನಾನು.

"ಇನ್ನು ಹೋಗಲ್ಲ ಮಾಮ. ಕೋಚ್ ರೋಗೊವ್ ನನ್ನನ್ನ ತಂಡದ ನಾಯಕಿ ರಿಮ್ಮಾ ಕೈಕೆಳಗೆ ಹಾಕಿದಾನೆ. ಈ ಸೀಸನ್ ಪೂರ್ತಿ ಅವಳ ಮುಂದೆ ಹೋಗಿ ಗಾಳಿ ತಡೀಬೇಕಂತೆ, ಹಿಂದೆ ತಂಡದ ಕಾರಿಗೆ ಹೋಗಿ ನೀರು ತರಬೇಕಂತೆ, ಅವಳ ಚಕ್ರ ಪಂಕ್ಚರ್ ಆದ್ರೆ ನನ್ನ ಚಕ್ರ ಬಿಚ್ಚಿಕೊಡಬೇಕಂತೆ. ನೀನು ಯಾರಿಗಾದ್ರೂ ನೀರು ಹೊತ್ತಿದ್ಯಾ?"

"ನಮ್ಮ ರಕ್ತದೋರು ನೀರು ಹೊರಲ್ಲ," ಎಂದೆ.

ಸೂಪು ಬಡಿಸುತ್ತಿದ್ದ ಅಕ್ಕ ಸೌಟನ್ನು ಪಾತ್ರೆಗೆ ಜೋರಾಗಿ ಹಾಕಿದಳು. ಎಲೆಕೋಸು ನನ್ನ ಅಂಗಿಗೆ ಸಿಡಿಯಿತು.

ಮೇ 7, ಶನಿವಾರ
ನಾಡಿ 48.

ಆಲೂಗಡ್ಡೆ ಬಿತ್ತನೆ. ಇಡೀ ಊರು ಸೊಂಟ ಬಗ್ಗಿಸಿದೆ. ಪಕ್ಕದ ಮನೆಯ ಸವ್ವಾ ಬೇಲಿಯಾಚೆಯಿಂದ ಕೂಗಿದ: "ಲೇ ಚಾಂಪಿಯನ್, ಇಟಲೀಲಿ ಆಲೂಗಡ್ಡೇನ ಹಂಗೇ ತಲೆಕೆಳಗೆ ಹಾಕ್ತಾರಾ?"

"ಅಲ್ಲಿ ಅದು ತಾನಾಗೇ ತಿರುಗ್ಕೊಳುತ್ತೆ," ಎಂದೆ. ಸವ್ವಾನಿಗೆ ಜೇನುಪೆಟ್ಟಿಗೆ ಹದಿನಾಲ್ಕು, ನಾಲಗೆ ಒಂದು. ಆದರೂ ಕುಟುಕುವುದರಲ್ಲಿ ಅದೇ ಮುಂದು.

ಗ್ಲಾಶಾ ಬಿತ್ತನೆ ಮುಗಿಸಿ ಸೈಕಲ್ಲಿನಲ್ಲಿ ಊರಾಚೆಯ ಬೋಳು ದಿಬ್ಬ ಹತ್ತಲು ಹೋದಳು. ಎಂಟು ಸಲ ಹತ್ತಿದಳು. ಗಡಿಯಾರ ನನ್ನ ಕೈಯಲ್ಲಿತ್ತು. ರಿಮ್ಮಾ ಎನ್ನುವವಳನ್ನು ನಾನು ನೋಡಿಲ್ಲ, ನೋಡುವ ಅಗತ್ಯವೂ ಇಲ್ಲ.

ಮೇ 9, ಸೋಮವಾರ
ನಾಡಿ ಎಣಿಸಲಿಲ್ಲ. ಮಹಾಯುದ್ಧ ಗೆದ್ದ ವಿಜಯದ ದಿನ. ಸ್ಮಾರಕದ ಹತ್ತಿರ ಎಲ್ಲರೂ ಕೈಕುಲುಕಿದರು, ಅರ್ಧ ಜನ ನನ್ನ ಹೆಸರಿನ ರೇಸಿಗೇ ಕುಲುಕಿದರು.

ಮೇ 14, ಶನಿವಾರ
ನಾಡಿ 48.

ಸಂಜೆ ಉಗಿಸ್ನಾನ ಮುಗಿಸಿ ಮೆಟ್ಟಿಲ ಮೇಲೆ ಕೂತಿದ್ದೆವು. ಒಣಮೀನು, ಬ್ರೆಡ್ಡಿನ ಹುಳಿ ಪಾನೀಯ ಕ್ವಾಸ್. ಗ್ಲಾಶಾ ಮತ್ತೆ ಆ ಕಥೆ ಕೇಳಿದಳು. ಹೇಳಿದೆ. ಹಿಮ ಮುಖಕ್ಕೆ ಹೊಡೆಯುತ್ತಿತ್ತು, ಕೊನೆಯ ಏರಿಗೆ ಆರು ಕಿಲೋಮೀಟರು ಬಾಕಿ ಇತ್ತು, ನಾನು ಒಮ್ಮೆ ಹಿಂದೆ ತಿರುಗಿ ನೋಡಿದೆ, ಆಮೇಲೆ ನೋಡಲಿಲ್ಲ. ಈ ಸಲ ಒಂದು ತೋಳವನ್ನೂ ಸೇರಿಸಿದೆ, ದೂರದಲ್ಲಿ.

"ಆಗ ನಿನ್ನ ತಂಡದೋರು ಎಲ್ಲಿದ್ರು ಮಾಮ?"

"ಅವರವರ ಜಾಗದಲ್ಲಿ."

"ನಿನಗೆ ನೀರು ಯಾರು ತಂದ್ಕೊಟ್ರು?"

ಇಷ್ಟು ವರ್ಷದಲ್ಲಿ ಇದನ್ನು ಯಾರೂ ಕೇಳಿರಲಿಲ್ಲ. ಹಿಮ ತಿಂದೆ ಎಂದೆ. ಅವಳು ತಲೆಯಾಡಿಸಿದಳು. ನಂಬಿದಳು. ನನ್ನ ಬಾಯಿಂದ ಬಂದದ್ದನ್ನೆಲ್ಲ ಈ ಹುಡುಗಿ ಏಳು ವರ್ಷದವಳಿದ್ದಾಗಿನಿಂದ ನಂಬುತ್ತಾ ಬಂದಿದ್ದಾಳೆ.

ಒಣಮೀನಿಗೆ ಉಪ್ಪು ಹೆಚ್ಚಾಗಿತ್ತು.

ಮೇ 19, ಗುರುವಾರ
ನಾಡಿ 48. ಇರಬೇಕು.

ರೋಗೊವ್ ಫೋನ್ ಮಾಡಿದ. ಅವಳು ಎತ್ತುತ್ತಿಲ್ಲವೆಂದು ನನಗೆ ಮಾಡಿದ. ಕಡಿಮೆ ಮಾತಿನ ಗಂಡಸು.

"ನೀವು ಝೆರ್ನೋವ್ ಅಲ್ವಾ. ನಿಮ್ಮ ಮಾತು ಅವಳು ಕೇಳ್ತಾಳೆ. ಹನ್ನೆರಡನೇ ತಾರೀಕು ನಿಮ್ಮೂರ ರೇಸಿಗೆ ನಾವು ಬರ್ತೀವಿ. ಅವಳು ರಿಮ್ಮಾಗೆ ಕೆಲಸ ಮಾಡ್ತಾಳೆ ಅಂದ್ರೆ ಅವಳ ತಂಡದ ಅಂಗಿ ತರ್ತೀನಿ. ಇಲ್ಲಾಂದ್ರೆ ಹದಿಮೂರಕ್ಕೆ ಆ ಅಂಗಿ ಬೇರೆಯವಳಿಗೆ ಕೊಡ್ತೀನಿ. ಕಾಯ್ತಾ ಇರೋರು ಮೂರು ಜನ ಇದಾರೆ."

"ನಮ್ಮ ಹುಡುಗಿ ಗೆಲ್ಲೋ ಕುದುರೆ ಕಣಯ್ಯಾ," ಎಂದೆ.

"ಗೆಲ್ಲೋ ಕುದುರೆ ನನ್ನ ಹತ್ರ ಇದೆ," ಎಂದು ಫೋನ್ ಇಟ್ಟುಬಿಟ್ಟ.

ಗ್ಲಾಶಾಳಿಗೆ ಹೇಳಿದೆ. "ಅಂಗಿ ತರಲಿ," ಎಂದಳು. "ಹಾಕ್ಕೊಂಡು, ನಿನ್ನ ಹೆಸರಿನ ರೇಸಲ್ಲಿ, ನಿನ್ನ ದಿಬ್ಬದ ಮೇಲೆ, ಆ ರಿಮ್ಮಾನ ಬಿಟ್ಟು ಓಡ್ತೀನಿ. ಆಮೇಲೆ ಅಂಗಿ ಬಿಚ್ಚಿ ಅವನ ಕೈಗೆ ಕೊಡ್ತೀನಿ. ಸಾಕು."

ಸಾಕು ಎನ್ನುವ ಮಾತು ಇಪ್ಪತ್ತೊಂದು ವರ್ಷದ ಬಾಯಲ್ಲಿ ಕೇಳಲು ಚೆನ್ನಾಗಿರಲಿಲ್ಲ.

ಮೇ 20, ಶುಕ್ರವಾರ

ಅಕ್ಕ ಬೆಳಗ್ಗೆಯೇ ತನ್ನ ಬಿ.ಪಿ. ಯಂತ್ರವನ್ನು ನನ್ನ ತೋಳಿಗೆ ಸುತ್ತಿದಳು. ನಾಡಿ 76 ಎಂದು ತೋರಿಸಿತು. ಚೀನಾದ ಯಂತ್ರ, ಕೆಟ್ಟಿದೆ.

ಅವಳು ಮೀನಿನ ಡಬ್ಬಿ ಕಾರ್ಖಾನೆಯಲ್ಲಿ ಮಗಳಿಗೆ ಕೆಲಸ ಕೇಳಿ ಬಂದಿದ್ದಾಳೆ. ಜೂನ್ ಹದಿನೈದರಿಂದ, ಪ್ಯಾಕಿಂಗ್ ವಿಭಾಗ.

"ಗ್ಲಾಶಾ ಡಬ್ಬಿ ಮುಚ್ಚೋದಾ?" ಎಂದೆ. "ಅವಳ ಕಾಲು ನೋಡಿದೀಯಾ ಕ್ಲಾವಾ? ಹತ್ತು ವರ್ಷಕ್ಕೊಂದು ಹುಟ್ಟೋ ಕಾಲು ಅದು."

"ಕಾಲು ಸರಿಯಾಗೇ ಇದೆ. ತಲೆ ಕೆಡಿಸಿದ್ದು ನೀನು. ಆ ಹೂವಿನ ಫೋಟೋ ಇಟ್ಕೊಂಡು ಅವಳ ತಲೆ ತುಂಬಾ ಗೆಲ್ಲೋದು, ಗೆಲ್ಲೋದು ಅಂತ ತುಂಬಿದೆ. ಲೋ ತಿಮಾ, ಅಮ್ಮ ಬದುಕಿರೋವರೆಗೂ ನಾನು ಬಾಯಿ ಬಿಡ್ಲಿಲ್ಲ. ಅಮ್ಮ ಹೋಗಿ ಆರು ವರ್ಷ ಆಯ್ತು. ಈಗ್ಲೂ ನಿಜ ಹೇಳಬಾರ್ದಾ?"

ಚಹಾ ಲೋಟ ಕೆಳಗಿಟ್ಟೆ. "ನಿನಗ್ಯಾರು ಹೇಳಿದ್ದು?"

"ನೀನೇ. ತೊಂಬತ್ತೇಳರ ಹೊಸ ವರ್ಷದ ದಿನ ಕುಡಿದು, ಇದೇ ಒಲೆ ಹತ್ರ ಕೂತು, ಅಳ್ತಾ ಹೇಳ್ದೆ. ಬೆಳಗ್ಗೆ ಎದ್ದು ಅಮಲಿಳಿಯಕ್ಕೆ ಉಪ್ಪಿನಕಾಯಿ ನೀರು ಕುಡ್ದೆ, ಮರ್ತೆ."

ನನಗೆ ಅಂಥದ್ದೇನೂ ನೆನಪಿಲ್ಲ. ನಾನು ಅಳುವವನೂ ಅಲ್ಲ.

ಮೇ 24, ಮಂಗಳವಾರ
ನಾಡಿ 60. ಸರಿಯಾಗಿ ಎಣಿಸಲಾಗಲಿಲ್ಲ, ನೊಣ ಬಂತು.

ಭಾಷಣ ಬರೆಯಲು ಕೂತೆ. "ಮಾನ್ಯರೇ, ಅಂದು ನಾನು" ಎಂದು ಬರೆದೆ. ಮುಂದೆ ಹೋಗಲಿಲ್ಲ. ಬಾಯಲ್ಲಿ ಹೇಳುವಾಗ ನೀರಿನಂತೆ ಹರಿಯುವುದು ಕಾಗದದ ಮೇಲೆ ಇಳಿಯುವುದೇ ಇಲ್ಲ. ನಾಲ್ಕು ಸಲ ಹೊಡೆದು ಹಾಕಿದೆ.

ಇಲ್ಲಿಯಾದರೂ ಬರೆದಿಡುತ್ತೇನೆ. ಈ ಪುಸ್ತಕವನ್ನು ತೆರೆದು ನೋಡುತ್ತಿದ್ದವರು ಪಖೋಮಿಚ್ ಒಬ್ಬರೇ. ಅವರು ಈಗ ಇಲ್ಲ.

ಹೆಂಚಿನ ಕಾರ್ಖಾನೆಯವರು ಸಾಕಿದ್ದ ಆ ಇಟಲಿ ತಂಡದಲ್ಲಿ ಏಳು ವರ್ಷ ಇದ್ದೆ. ನಮ್ಮ ನಾಯಕ ಬರ್ತಾಚಿನಿ. ಆ ದಿನ ಕೊನೆಯ ಏರಿನ ಬುಡದಲ್ಲಿ ಅವನ ಚಕ್ರ ಪಂಕ್ಚರ್ ಆಯಿತು. ಕಾರು ಎಲ್ಲೋ ಹಿಂದೆ ಸಿಕ್ಕಿಕೊಂಡಿತ್ತು. ನಾನು ಇಳಿದೆ, ನನ್ನ ಚಕ್ರ ಬಿಚ್ಚಿ ಕೊಟ್ಟೆ, ಬೆನ್ನಿಗೆ ಕೈಯಿಟ್ಟು ತಳ್ಳಿದೆ, ಅವನು ಹೋದ. ನಾನು ಹಿಮದಲ್ಲಿ ನಾಲ್ಕು ನಿಮಿಷ ನಿಂತಿದ್ದೆ. ಅವನು ಗೆದ್ದ. ನಾನು ತೊಂಬತ್ತೇಳನೆಯವನು. ಸಂಜೆ ಹೋಟೆಲಿನ ಬಾಗಿಲಲ್ಲಿ ಅವನು ಹೂಗುಚ್ಛವನ್ನು ನನ್ನ ಎದೆಗೆ ಒತ್ತಿ, "ಗೆದ್ದದ್ದು ನಿನ್ನ ಚಕ್ರ," ಎಂದ. ಯಾರೋ ಫೋಟೋ ಹೊಡೆದರು. ನಾನು ಅದನ್ನು ಅಮ್ಮನಿಗೆ ಕಳಿಸಿದೆ, ಮಗ ಬದುಕಿದ್ದಾನೆ, ಊಟ ಸಿಗುತ್ತಿದೆ ಎಂದು ತಿಳಿಯಲಿ ಅಂತ. ಅಷ್ಟೇ.

ಅಂಚೆ ಕಚೇರಿಯ ಹೆಂಗಸು ಫೋಟೋ ನೋಡಿ, ಹೂವು ಕೊಡುವುದು ಮೊದಲನೆಯವನಿಗೇ ಎಂದಳಂತೆ. ಅಮ್ಮ ಅಲ್ಲೇ ಸಾಲಿನಲ್ಲಿದ್ದವರಿಗೆಲ್ಲ ಮಿಠಾಯಿ ಹಂಚಿದಳು. ಭಾನುವಾರ ನಾನು ಅಂಚೆ ಕಚೇರಿಗೇ ಫೋನ್ ಮಾಡಿದಾಗ ಅವಳು ಕೂಗಿ ಕೇಳಿದಳು, "ಗೆದ್ಯಾ ಮಗನೇ?" ಹಿಂದೆ ಇಡೀ ಸಾಲು ಉಸಿರು ಬಿಗಿಹಿಡಿದಿದ್ದು ಇಟಲಿಗೂ ಕೇಳುತ್ತಿತ್ತು. ಹೂಂ ಅಮ್ಮಾ ಎಂದೆ.

ಒಂದು ಹೂಂ. ಮಿಕ್ಕದ್ದನ್ನೆಲ್ಲ ಆಮೇಲೆ ಅಂಟಿಸಿದ್ದು ನಾನೇ. ಚೆನ್ನಾಗಿಯೇ ಅಂಟಿಸಿದೆ.

ಮೇ 29, ಭಾನುವಾರ
ನಾಡಿ 70.

ನೆಲಮಾಳಿಗೆಗೆ ಇಳಿದೆ. ಅಲ್ಲಿ ಎಲೆಕೋಸಿನ ಉಪ್ಪಿನಕಾಯಿ ಪೀಪಾಯಿಯ ಮೇಲೆ ನನ್ನ ರೇಸಿನ ಟಯರುಗಳು ತೂಗುತ್ತಿವೆ. ಒಳಗೆ ಟ್ಯೂಬಿಟ್ಟು ಹೊಲಿದ ಟಯರು. ಕತ್ತಲಲ್ಲಿ, ತಂಪಿನಲ್ಲಿ ವರ್ಷಗಟ್ಟಲೆ ಹಣ್ಣಾದರೆ ರಬ್ಬರು ಗಟ್ಟಿಯಾಗುತ್ತದೆ, ಬೇಗ ಪಂಕ್ಚರ್ ಆಗುವುದಿಲ್ಲ. ಇಟಲಿಯಿಂದ ತಂದ ಆರರಲ್ಲಿ ಎರಡು ಇನ್ನೂ ಇವೆ. ರೇಸಿನ ದಿನ ಬಿಡಿ ಚಕ್ರಗಳ ಗಾಡಿಯಲ್ಲಿ ನಾನೇ ಕೂರುತ್ತೇನೆ, ಸವ್ವಾ ತನ್ನ ಬ್ರೆಡ್ಡಿನಾಕಾರದ ಹಳೇ ವ್ಯಾನು ಓಡಿಸುತ್ತಾನೆ ಎಂದು ಎಲ್ವಿರಾ ನಿರ್ಧರಿಸಿದ್ದಾಳೆ.

ಗ್ಲಾಶಾಳಿಗೆ ಹೇಳಬೇಕೆಂದು ಎರಡು ಸಲ ಬಾಯಿ ತೆರೆದೆ. ಎರಡು ಸಲವೂ ಬೇರೇನೋ ಬಂತು. ಒಮ್ಮೆ ತೋಳವೇ ಬಂತು.

ಜೂನ್ 4, ಶನಿವಾರ

ನಾಡಿ ಎಣಿಸುವುದನ್ನೇ ಮರೆತೆ. ಹೀಗಾದದ್ದು ನೆನಪಿಲ್ಲ.

ಬೋಳು ದಿಬ್ಬದ ಬುಡದಲ್ಲಿ ಗ್ಲಾಶಾ ನೀರು ತುಂಬಿದ ಬಾಟಲಿಗಳನ್ನು ಅಂಗಿಯೊಳಗೆ ತುರುಕಿಕೊಳ್ಳುತ್ತಿದ್ದಳು. ಭಾರ ಹೊತ್ತು ಹತ್ತಿದರೆ ಕಾಲು ಗಟ್ಟಿಯಾಗುತ್ತದೆ, ಹನ್ನೆರಡಕ್ಕೆ ಭಾರವಿಲ್ಲದೆ ಹಾರಬಹುದು ಎಂಬ ಲೆಕ್ಕ. ಐದು ತುಂಬಿದಳು. ಹತ್ತು ಮಾರು ಹೋಗುವಷ್ಟರಲ್ಲಿ ಮೂರು ಜಾರಿ ಬಿದ್ದವು. ಮತ್ತೆ ತುಂಬಿದಳು, ಮತ್ತೆ ಬಿದ್ದವು. ಕೆಲಸ ಬರದವರು ಕೆಲಸ ಮಾಡುವುದನ್ನು ನೋಡಿಕೊಂಡಿರಲು ನನ್ನಿಂದ ಆಗುವುದಿಲ್ಲ.

"ತಾ ಇಲ್ಲಿ. ಬೆನ್ನು ಬಗ್ಗಿಸು. ಮೊದ್ಲು ಬೆನ್ನಿನ ಜೇಬಿಗೆ ಮೂರು, ಮಧ್ಯದ್ದು ತಲೆಕೆಳಗು. ಅಂಗಿ ಕಾಲರ್ ಹಿಂದಿನಿಂದ ಐದು ಇಳಿಸ್ಬೇಕು, ಬೆನ್ನುಮೂಳೆ ಮೇಲೆ ಒಂದೂ ಬರ್ಬಾರ್ದು, ಎರಡು ಆ ಕಡೆ, ಮೂರು ಈ ಕಡೆ. ತಣ್ಣಗಿರೋದು ಸೊಂಟಕ್ಕೆ ತಾಗಿದ್ರೆ ನಾಳೆ ಬೆಳಗ್ಗೆ ಏಳಕ್ಕಾಗಲ್ಲ. ಎದೆಗೆ ಒಂದು. ಸೈಕಲ್ ಮೇಲೆ ಎರಡು. ಹನ್ನೊಂದು. ಈಗ ನಿಂತ್ಕೊಂಡು ತುಳೀಬೇಡ, ಕೂತೇ ಹತ್ತು. ಗುಂಪಿನ ಬಲಗಡೆಯಿಂದ ಹೋಗು, ಎಡಗೈಲಿ ಕೊಡು, ನಾಯಕಂಗೆ ಕೊನೇಗೆ, ಯಾಕಂದ್ರೆ ಅವನಿಗೆ ಎರಡು ಕೇಳೋ ಚಾಳಿ ಇರತ್ತೆ."

ಅವಳು ಹತ್ತಿದಳು. ಒಂದೂ ಬೀಳಲಿಲ್ಲ. ನಾಲ್ಕು ನಿಮಿಷ ಐವತ್ತು ಸೆಕೆಂಡು. ಹೆಮ್ಮೆಯಿಂದ ಗಡಿಯಾರವನ್ನು ಎರಡು ಸಲ ನೋಡಿದೆ.

ಇಳಿದು ಬಂದು ನನ್ನ ಮುಂದೆ ನಿಂತಳು. ಗೂನಿಯ ಹಾಗೆ ಉಬ್ಬಿದ ಬೆನ್ನು, ಬೆವರು.

"ಮಾಮ. ಗೆದ್ದೋರಿಗೆ ಇದೆಲ್ಲ ಹೆಂಗೆ ಗೊತ್ತು?"

ತೋಳವನ್ನು ಹುಡುಕಿದೆ. ಬರಲಿಲ್ಲ.

ರಸ್ತೆ ಪಕ್ಕದ ಹುಲ್ಲಿನ ಮೇಲೆ ಕೂತು ಹೇಳಿದೆ. ಚಕ್ರ, ಹಿಮ, ನಾಲ್ಕು ನಿಮಿಷ, ತೊಂಬತ್ತೇಳು, ಬರ್ತಾಚಿನಿ, ಅಂಚೆ ಕಚೇರಿ, ಹೂಂ ಅಮ್ಮಾ. ಹೇಳುತ್ತಾ ಹೇಳುತ್ತಾ ನನಗೇ ಗೊತ್ತಿಲ್ಲದೆ ದನಿ ಏರಿತು: "ಆದ್ರೆ ಹನ್ನೊಂದು ಬಾಟಲಿ ಗ್ಲಾಶಾ, ಇಡೀ ಗುಂಪಲ್ಲಿ ಯಾವನೂ ಒಂಬತ್ತು ದಾಟಿರ್ಲಿಲ್ಲ. ಸ್ಪೇನಿನೋರು ಬಂದು ನನ್ನ ಬೆನ್ನು ನೋಡ್ಕೊಂಡು ಹೋಗ್ತಿದ್ರು."

ಅವಳು ಬಾಟಲಿಗಳನ್ನು ಒಂದೊಂದಾಗಿ ತೆಗೆದು ಚರಂಡಿಗೆ ಎಸೆದಳು. ಆಮೇಲೆ ಸೈಕಲ್ ಹತ್ತಿ ಹೋದಳು, ನಿಂತು ತುಳಿಯುತ್ತಾ.

ನಾನು ಚರಂಡಿಗಿಳಿದು ಬಾಟಲಿ ಆರಿಸಿದೆ. ಕೈಚೀಲ ತಂದಿರಲಿಲ್ಲ. ಅಂಗಿಯೊಳಗೇ ಹಾಕಿಕೊಂಡು ಊರೊಳಗೆ ನಡೆದು ಬಂದೆ. ಸವ್ವಾ ಬೇಲಿಯ ಮೇಲೆ ಮೊಣಕೈಯಿಟ್ಟು ನೋಡಿದ.

ಜೂನ್ 5, ಭಾನುವಾರ
ನಾಡಿ 80.

ಗ್ಲಾಶಾ ಮಾತಾಡಲಿಲ್ಲ. ಅಕ್ಕ ನನಗೆ ಸೂಪಿನಲ್ಲಿ ಒಂದು ಆಲೂಗಡ್ಡೆ ಹೆಚ್ಚು ಹಾಕಿದಳು.

ಜೂನ್ 7, ಮಂಗಳವಾರ
ನಾಡಿ 75.

ಕೊಟ್ಟಿಗೆಯಲ್ಲಿ ಚಕ್ರದ ಕಡ್ಡಿ ಬಿಗಿಮಾಡುತ್ತಿದ್ದೆ. ಅವಳು ಬಾಗಿಲಿಗೆ ಒರಗಿ ನಿಂತಳು. ಮೂರು ದಿನದ ಮೇಲೆ ಮೊದಲ ಮಾತು.

"ಆ ನಾಲ್ಕು ನಿಮಿಷ ಹಿಮದಲ್ಲಿ ನಿಂತ್ಕೊಂಡು ಏನ್ ಯೋಚ್ನೆ ಮಾಡ್ತಿದ್ದೆ?"

ದೊಡ್ಡದೊಂದು ಉತ್ತರ ಕೊಡಬೇಕೆನಿಸಿತು. ಕೊಡಲಿಲ್ಲ. "ಅವನಿಗೆ ಕೊಟ್ಟ ಚಕ್ರಕ್ಕೆ ಟಯರು ಸರಿಯಾಗಿ ಅಂಟಿಸಿದೀನಾ ಅಂತ."

ಅವಳ ಮೂಗಿನಿಂದ ನಗೆಯಂಥದ್ದೊಂದು ಹೊರಟಿತು. "ಅಷ್ಟೇನಾ?"

"ಅಷ್ಟೇ. ಆಮೇಲೆ ಕಾರು ಬಂತು. ಮೆಕ್ಯಾನಿಕ್ಕು ಚಕ್ರ ಹಾಕ್ತಿರೋವಾಗ ರೇಡಿಯೋದಲ್ಲಿ ಬರ್ತಾಚಿನಿ ಒಬ್ಬನೇ ಮುಂದೆ ಅಂದ್ರು. ಮೆಕ್ಯಾನಿಕ್ಕು ಕುಣಿದ. ನಾನೂ ಕುಣಿದೆ, ಕಾಲು ಮರಗಟ್ಟಿತ್ತು, ಬಿದ್ದೆ. ಅಂಥ ಖುಷಿ ನನಗೆ ಯಾವತ್ತೂ ಆಗಿಲ್ಲ ಗ್ಲಾಶಾ. ಅದನ್ನ ಯಾರಿಗೂ ಹೇಳಕ್ಕಾಗ್ಲಿಲ್ಲ. ಬೇರೆ ಖುಷಿ ಹೇಳ್ಬಿಟ್ಟಿದ್ನಲ್ಲ."

ಅವಳು ಬಾಗಿಲ ಚೌಕಟ್ಟಿನ ಬಣ್ಣವನ್ನು ಉಗುರಿನಿಂದ ಕೆರೆದಳು. "ತೋಳ?"

"ತೋಳ ಇರ್ಲಿಲ್ಲ."

"ಅದು ನನಗೆ ಮೊದ್ಲೇ ಗೊತ್ತಿತ್ತು," ಎಂದು ಹೋದಳು. ಬೇಲಿಯ ಹತ್ತಿರ ಫೋನಿನಲ್ಲಿ ಮಾತಾಡಿದ್ದು ಕೇಳಿಸಿತು. "ಅಂಗಿ ತನ್ನಿ, ಬರ್ತೀನಿ." ಕೆಲಸ ಮಾಡಲಿಕ್ಕೋ, ಬಿಟ್ಟು ಓಡಲಿಕ್ಕೋ, ಅದನ್ನು ಹೇಳಲಿಲ್ಲ. ನಾನೂ ಕೇಳಲಿಲ್ಲ. ಆ ಹಕ್ಕು ನನಗೆ ಉಳಿದಿದೆಯೋ ಇಲ್ಲವೋ.

ಜೂನ್ 11, ಶನಿವಾರ
ನಾಡಿ 74.

ಇಟಲಿಯ ಟಯರು ಅಂಟಿಸಿದೆ. ಅಂಟನ್ನು ಮೂರು ದಿನದಿಂದ ಪದರ ಪದರವಾಗಿ ಹಚ್ಚುತ್ತಾ ಬಂದಿದ್ದೆ. ಅವಸರ ಮಾಡಿದರೆ ತಿರುವಿನಲ್ಲಿ ಟಯರು ಕಳಚಿ ಮನುಷ್ಯ ಬೇಲಿಗೆ ಬೀಳುತ್ತಾನೆ. ಭಾಷಣ ಬರೆದಿಲ್ಲ.

ಜೂನ್ 12, ಭಾನುವಾರ, ಸಂಜೆ
ನಾಡಿ 78. ಹೊತ್ತಲ್ಲದ ಹೊತ್ತಿನಲ್ಲಿ ಎಣಿಸಿದ್ದು, ಇರಲಿ.

ನಲವತ್ತೊಂದು ಹುಡುಗಿಯರು ಹೊರಟರು. ಇಪ್ಪತ್ತೆಂಟು ಕಿಲೋಮೀಟರಿನ ಮೂರು ಸುತ್ತು, ಪ್ರತಿ ಸುತ್ತಿನಲ್ಲೂ ಬೋಳು ದಿಬ್ಬ. ರಿಮ್ಮಾಳನ್ನು ಮೊದಲ ಸಲ ನೋಡಿದೆ. ಸಣಕಲಿ, ಮೂಗಿನ ತುಂಬ ಮಚ್ಚೆ, ಹೊರಡುವ ಮೊದಲು ಹೆದರಿ ಉಗುರು ಕಚ್ಚುತ್ತಿದ್ದಳು. ನಾನು ಅವಳನ್ನು ರಾಕ್ಷಸಿ ಎಂದುಕೊಂಡಿದ್ದೆ.

ಎರಡನೇ ಸುತ್ತಿನಲ್ಲಿ ಗ್ಲಾಶಾ ದಿಬ್ಬದ ಮೇಲೆ ಎದ್ದು ನಿಂತು ತುಳಿದಳು. ಗುಂಪು ಹರಿದು ಚಿಂದಿಯಾಯಿತು. ಅವಳ ಚಕ್ರಕ್ಕೆ ಅಂಟಿಕೊಂಡು ಹೋದವಳು ರಿಮ್ಮಾ ಒಬ್ಬಳೇ. ಇಬ್ಬರೂ ನಮ್ಮ ಕಣ್ಣಿಂದ ಮರೆಯಾದರು.

"ಬಿಟ್ಟು ಓಡ್ತಿದಾಳೋ, ಎಳ್ಕೊಂಡು ಹೋಗ್ತಿದಾಳೋ?" ಎಂದ ಸವ್ವಾ.

"ನೀನು ರಸ್ತೆ ನೋಡು," ಎಂದೆ. ನನಗೂ ಗೊತ್ತಿರಲಿಲ್ಲ.

ಅಷ್ಟರಲ್ಲಿ ತಿರುವಿನಲ್ಲಿ ಪೆಂಜಾದ ಹುಡುಗಿಯೊಬ್ಬಳು ಬಿದ್ದಳು. ನಿಲ್ಲಿಸಲೇಬೇಕಾಯಿತು. ಮೊಣಕಾಲಿಗೆ ಅಯೋಡಿನ್ ಹಚ್ಚಿ, ಚಕ್ರ ಬದಲಿಸಿ, ಮತ್ತೆ ಹತ್ತಿಸಿದೆವು. ಸವ್ವಾನ ವ್ಯಾನು ಗಂಟೆಗೆ ಅರವತ್ತಕ್ಕಿಂತ ಹೆಚ್ಚು ಓಡಿದರೆ ಬಾಗಿಲು ತಾನಾಗಿ ತೆರೆಯುತ್ತದೆ. ಬಾಗಿಲನ್ನು ಕೈಯಲ್ಲಿ ಹಿಡಿದುಕೊಂಡೇ ಹೋದೆ.

ಅರವತ್ತೊಂದನೇ ಕಿಲೋಮೀಟರಿನ ಕಲ್ಲಿನ ಹತ್ತಿರ ಒಬ್ಬಳು ನಿಂತಿದ್ದಳು. ಮುಂದಿನ ಚಕ್ರವಿಲ್ಲದ ಸೈಕಲ್ಲು ಹುಲ್ಲಿನ ಮೇಲೆ ಮಲಗಿತ್ತು. ಕೈಯಲ್ಲಿ ಗಾಳಿ ಹೋದ ಚಕ್ರ, ರಿಮ್ಮಾಳದು. ಇನ್ನೊಂದು ಕೈಯಿಂದ ಸೊಳ್ಳೆ ಹೊಡೆದುಕೊಳ್ಳುತ್ತಿದ್ದಳು.

ನಾನು ಗಾಡಿ ನಿಲ್ಲುವ ಮೊದಲೇ ಇಳಿದೆ. ಮಂಡಿಯೂ ಹಿಡಿಯಲಿಲ್ಲ, ಸೊಂಟವೂ ಹಿಡಿಯಲಿಲ್ಲ.

"ಎಷ್ಟು ಹೊತ್ತು ಮಾಮ. ಮೂರು ನಿಮಿಷ ನಲವತ್ತು ಸೆಕೆಂಡ್ ಆಯ್ತು."

"ನಾನು ನಾಲ್ಕು ನಿಮಿಷ ನಿಂತಿದ್ದೆ."

"ನಿನಗೆ ಹಿಮ ಇತ್ತು. ಇಲ್ಲಿ ಸೊಳ್ಳೆ ತಿಂತಿದೆ." ನಾನು ಸಿಕ್ಕಿಸುತ್ತಿದ್ದ ಚಕ್ರಕ್ಕೆ ಮೂಗು ತಂದು ಮೂಸಿದಳು. "ಇದೇನು ವಾಸನೆ?"

"ಇಟಲಿಯ ಟಯರು. ಹದಿನಾಲ್ಕು ವರ್ಷ ಎಲೆಕೋಸಿನ ಪಕ್ಕ ಹಣ್ಣಾಗಿದೆ. ನಿನ್ನ ಮದುವೆವರೆಗೂ ಒಡೆಯಲ್ಲ."

"ನೀನು ಮತ್ತೆ ಶುರು ಮಾಡ್ದೆ," ಎಂದು ಸೀಟಿಗೆ ಹಾರಿದಳು. ಬೆನ್ನಿಗೆ ಕೈಯಿಟ್ಟು ತಳ್ಳಿದೆ. ಎಷ್ಟೋ ವರ್ಷದ ಮೇಲೆ ಒಂದು ಬೆನ್ನನ್ನು ಹಾಗೆ ತಳ್ಳಿದ್ದು. ಕೈ ಮರೆತಿರಲಿಲ್ಲ.

ನಾವು ಗಾಡಿ ಹತ್ತುವಾಗ ಸವ್ವಾನ ರೇಡಿಯೋದಲ್ಲಿ ಎಲ್ವಿರಾ ಕಿರುಚಿದಳು: ರಿಮ್ಮಾ ಒಬ್ಬಳೇ ಮುಂದೆ, ಹಿಂದಿನವರು ಒಂದೂವರೆ ನಿಮಿಷ ದೂರ. ನಾನು ವ್ಯಾನಿನ ಚಾವಣಿಗೆ ಗುದ್ದಿದೆ. ಬಾಗಿಲು ತೆರೆದುಕೊಂಡಿತು.

ರಿಮ್ಮಾ ಗೆದ್ದಳು. ಗ್ಲಾಶಾ ಮೂವತ್ತನಾಲ್ಕನೆಯವಳಾಗಿ ಬಂದಳು. ಗೆದ್ದವಳು ಅಷ್ಟು ಹೊತ್ತೂ ಗೆರೆಯ ಹತ್ತಿರವೇ ಕಾಯುತ್ತಿದ್ದಳು. ಗ್ಲಾಶಾ ಬ್ರೇಕು ಹಿಡಿಯುವ ಮೊದಲೇ ಹೂಗುಚ್ಛವನ್ನು ಎಸೆದಳು, ಅದು ನೇರ ಶಿರಸ್ತ್ರಾಣಕ್ಕೆ ಬಡಿಯಿತು. ಆಮೇಲೆ ಇಬ್ಬರೂ ತಬ್ಬಿಕೊಂಡು ಜಗಳವಾಡುವವರ ಹಾಗೆ ಏನೇನೋ ಒದರಿದರು. ರಿಮ್ಮಾಳಿಗೆ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಬರ್ತಾಚಿನಿಗೂ ಯಾರೂ ಹೇಳಿಕೊಟ್ಟಿರಲಿಲ್ಲ.

ರೋಗೊವ್ ನಗುವ ಜಾತಿಯವನಲ್ಲ. ಅಂಗಿಯ ಬಗ್ಗೆ ಏನೂ ಕೇಳಲಿಲ್ಲ. ನಮ್ಮ ಮನೆಗೆ ಬಂದು, ಗ್ಲಾಶಾಳ ಪೆಟ್ಟಿಗೆಯನ್ನು ತಾನೇ ಎತ್ತಿ ತಂಡದ ಬಸ್ಸಿಗೆ ಹಾಕಿದ. ಅಕ್ಕ ಮೀನಿನ ಕಾರ್ಖಾನೆಯ ಅರ್ಜಿಯ ಕಾಗದದಲ್ಲಿ ಅವನಿಗೆ ಕಡುಬು ಕಟ್ಟಿಕೊಟ್ಟಳು.

ಇನ್ನು ಭಾಷಣ. ಎಲ್ವಿರಾ ನನ್ನನ್ನು ಇಟಲಿಯ ಹಿಮಪರ್ವತಗಳ ವಿಜೇತ ಎಂದು ಕರೆದಳು. ನಾನು ಮೈಕು ಹಿಡಿದು ಹೇಳಿದೆ: "ಆ ದಿನ ನಾನು ಗೆಲ್ಲಲಿಲ್ಲ. ತೊಂಬತ್ತೇಳನೆಯವನಾಗಿ ಬಂದೆ. ಹೂವು ನಮ್ಮ ನಾಯಕಂದು. ನಾನು ಅವನಿಗೆ ಚಕ್ರ ಕೊಟ್ಟೆ, ಏಳು ವರ್ಷ ನೀರು ಹೊತ್ತೆ."

ಇಡೀ ಊರು ನಕ್ಕಿತು, ಚಪ್ಪಾಳೆ ತಟ್ಟಿತು. ಎಲ್ವಿರಾ ಕಣ್ಣೊರೆಸಿಕೊಂಡಳು: "ನೋಡಿ, ನಿಜವಾದ ವೀರರಿಗೆ ಎಂಥ ವಿನಯ ಇರತ್ತೆ."

"ವಿನಯ ಅಲ್ಲ ಕಣ್ರೀ, ನಿಜ ಹೇಳ್ತಿದೀನಿ," ಎಂದೆ. ಚಪ್ಪಾಳೆ ಇನ್ನೂ ಜೋರಾಯಿತು.

ಸವ್ವಾ ಮುಂದಿನ ಸಾಲಿನಿಂದ ಹೇಳಿದ: "ನಲವತ್ತೆಂಟು ವರ್ಷ ಒಂದಿನಾನೂ ವಿನಯ ತೋರಿಸ್ದೋನಲ್ಲ. ಮೈಕು ಸಿಕ್ಕಿದ್ದೇ ತಡ ಶುರು ಹಚ್ಕೊಂಡ."

ಹದಿನೇಳು ವರ್ಷ ಸುಳ್ಳು ಹೇಳಿದೆ, ಒಬ್ಬರೂ ಅನುಮಾನಪಡಲಿಲ್ಲ. ಒಮ್ಮೆ ನಿಜ ಹೇಳಿದೆ, ಒಬ್ಬರೂ ನಂಬಲಿಲ್ಲ. ಗ್ಲಾಶಾ ಮಾತ್ರ ಹೂಗುಚ್ಛದ ಹಿಂದೆ ಮುಖ ಮುಚ್ಚಿಕೊಂಡು ನಗುತ್ತಿದ್ದಳು, ಭುಜ ಕುಣಿಯುತ್ತಿತ್ತು.

ಜೂನ್ 14, ಮಂಗಳವಾರ
ನಾಡಿ 71. ತೂಕ 81. ಗ್ಲಾಶಾ ಸಮಾರಾದಿಂದ ತನ್ನ ನಾಡಿ ಕಳಿಸಿದ್ದಾಳೆ: 44.

ಬ್ರೆಡ್ಡು ತರಲು ಅಂಗಡಿಗೆ ಹೋದರೆ ಸಾಲಿನಲ್ಲಿ ಹೆಂಗಸರು ಹೇಳಿಕೊಳ್ಳುತ್ತಿದ್ದರು, ಕ್ಲಾವಾಳ ಮಗಳು ರೇಸು ಗೆದ್ದಳಂತೆ, ಹೂಗುಚ್ಛ ಹಿಡಿದ ಫೋಟೋ ಆಗಲೇ ಕ್ಲಬ್ಬಿನ ಗೋಡೆಗೆ ಬಂದಿದೆಯಂತೆ ಎಂದು. ಬ್ರೆಡ್ಡು ಬಿಟ್ಟು ಓಡಿದೆ. ಓಡಿದೆ ಎಂದರೆ, ಬೇಗ ನಡೆದೆ.

ನಿಜ. ನನ್ನ ಫೋಟೋದ ಪಕ್ಕದಲ್ಲೇ ಅವಳದು. ಕೆಸರು, ಹೂವು, ಬಾಯಿ ಕಿವಿಯವರೆಗೆ. ಅಮ್ಮ ಇದ್ದಿದ್ದರೆ ಇವತ್ತು ಮತ್ತೆ ಮಿಠಾಯಿ ಖರ್ಚಾಗುತ್ತಿತ್ತು.

ಎಲ್ವಿರಾಳ ಮೇಜಿನಿಂದ ದಪ್ಪ ಮಸಿಯ ಪೆನ್ನು ತೆಗೆದುಕೊಂಡೆ. ಅವಳ ಫೋಟೋದ ಕೆಳಗೆ ಅವಳ ಪೂರ್ತಿ ಹೆಸರಿಟ್ಟು ಬರೆದೆ: ಗ್ಲಾಫಿರಾ. ಮೂವತ್ತನಾಲ್ಕನೇ ಸ್ಥಾನ. ಅರವತ್ತೊಂದನೇ ಕಿಲೋಮೀಟರಿನಲ್ಲಿ ಚಕ್ರ ಕೊಟ್ಟಳು.

"ತಿಮೊಫೇಯ್ ಲುಕಿಚ್, ಹೋದ ತಿಂಗಳಷ್ಟೇ ಸುಣ್ಣ ಹೊಡೆಸಿದೀನಿ," ಎಂದಳು ಎಲ್ವಿರಾ.

"ಸುಣ್ಣ ಇನ್ನೊಂದ್ಸಲ ಹೊಡೆಸ್ಬಹುದು," ಎಂದು ನನ್ನ ಫೋಟೋದ ಕೆಳಗೂ ಬರೆದೆ: ತೊಂಬತ್ತೇಳನೇ ಸ್ಥಾನ. ಹೂವು ಬರ್ತಾಚಿನಿಯದು.

ಇನ್ನೂ ಜಾಗ ಇತ್ತು. ಪೆನ್ನಿನಲ್ಲಿ ಮಸಿಯೂ ಇತ್ತು. ಹನ್ನೊಂದು ಬಾಟಲಿ ಎಂದು ಸೇರಿಸಿದೆ. ಎರಡು ಹೆಜ್ಜೆ ಹಿಂದೆ ಸರಿದು ನೋಡಿದೆ. ಮತ್ತೆ ಹತ್ತಿರ ಹೋಗಿ ಅದನ್ನು ಹೊಡೆದುಹಾಕಿ ಹತ್ತು ಎಂದು ಮಾಡಿದೆ. ಹನ್ನೊಂದನೆಯದನ್ನು ಹೊತ್ತದ್ದು ಒಂದೇ ಸಲ, ಅದೂ ಅರ್ಧ ಖಾಲಿಯಿತ್ತು.

ಹನ್ನೊಂದನ್ನು ಗ್ಲಾಶಾಳ ಫೋಟೋದ ಕೆಳಗೆ ಬರೆದೆ. ಹನ್ನೊಂದೂ ತುಂಬಿದ್ದವು, ಒಂದೂ ಬೀಳಲಿಲ್ಲ, ಗಡಿಯಾರ ಹಿಡಿದು ನಾನೇ ನೋಡಿದ್ದೇನೆ.